ದಮ್ಮಿಲ್ಲದ ಲೋಡರು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಗೋಣಿಚೀಲ ನೇತಾಡುತ್ತದೆ. ತೊಳೆದು ಒಣಗಿಸಿದ ಹಾಲಿನ ಕವರುಗಳು, ಹಳೆಯ ಸೈಕಲ್ ಟ್ಯೂಬಿನ ತುಂಡುಗಳು, ಗಂಟು ಬಿಚ್ಚಿ ಸುತ್ತಿಟ್ಟ ಹಗ್ಗಗಳು ಅದರ ಆಸ್ತಿ. ಮೇ ತಿಂಗಳ ಕೊನೆಗೆ ನಾನು ಆ ಚೀಲವನ್ನು ಕೆಳಗಿಳಿಸಿದೆನೆಂದರೆ ಮನೆಯವರು ನನ್ನಿಂದ ಸ್ವಲ್ಪ ದೂರವೇ ಓಡಾಡುತ್ತಾರೆ; ಸುಮ್ಮನೆ ನಿಂತರೆ ತಮಗೂ ಒಂದು ಕವರು ಕಟ್ಟಿಬಿಟ್ಟಾಳು ಎಂಬ ಭಯ. ನೀವು ನಗಬಹುದು. ಆದರೆ ಕೊಪ್ಪ, ಶೃಂಗೇರಿಯ ಕಡೆ ಹುಟ್ಟಿ ಬೆಳೆದವರಿಗೆ ಮುಚ್ಚುವುದೆಂದರೆ ಒಂದು ಚಟ. ಬೈಕಿನ ಸೀಟು, ಕರೆಂಟಿನ ಮೀಟರು, ಪಂಪಿನ ಸ್ವಿಚ್ಚು, ಗೇಟಿನ ಬೀಗ, ಕಣ್ಣಿಗೆ ಬಿದ್ದ ತೂತುಗಳನ್ನೆಲ್ಲ ಜೂನಿನ ಮಳೆ ಹಿಡಿಯುವ ಮೊದಲೇ ಕಟ್ಟಿ ಬಿಗಿಯುತ್ತೇವೆ. ಈ ತೂತು ಇಲ್ಲಿ ಏಕಿದೆ ಎಂದು ಕೇಳುವ ವ್ಯವಧಾನ ನಮಗಿಲ್ಲ.

ಬಾಳಗಡಿಯಿಂದ ಸ್ವಲ್ಪ ಒಳಗೆ ನನ್ನದೊಂದು ಗೊಬ್ಬರದ ಅಂಗಳವಿದೆ. ಕಾಫಿ ಹಣ್ಣಿನ ಸಿಪ್ಪೆ, ಅಡಿಕೆ ಸಿಪ್ಪೆ, ಸಗಣಿ, ತರಗೆಲೆ ಎಲ್ಲವನ್ನೂ ರಾಶಿ ಹಾಕಿ, ಮಗುಚಿ, ಕೊಳೆಸಿ, ಹಸಿಮಣ್ಣಿನ ವಾಸನೆ ಬಂದ ಮೇಲೆ ತೋಟದವರಿಗೆ ಮಾರುವುದು ನನ್ನ ಕಸುಬು. ಮಗುಚುವುದಕ್ಕೂ ತುಂಬುವುದಕ್ಕೂ ಒಂದು ಹಳೆಯ ಸ್ಕಿಡ್ ಸ್ಟಿಯರ್ ಲೋಡರ್ ಇದೆ. ಎಣ್ಣೆಯ ಒತ್ತಡದಿಂದ ಏಳುವ ಎರಡು ತೋಳುಗಳ ತುದಿಗೆ ಬಕೆಟ್ಟು ಕಟ್ಟಿಕೊಂಡು, ನಿಂತಲ್ಲೇ ಗಿರಕಿ ಹೊಡೆಯುವ ಗಿಡ್ಡ ಯಂತ್ರ. ಊರವರು ಅದನ್ನು ಮರಿ ಲೋಡರ್ ಎನ್ನುತ್ತಾರೆ. ಮರಿಯೇನೋ ಹೌದು, ಆದರೆ ನನ್ನಲ್ಲಿಗೆ ಬರುವ ಮೊದಲು ಎಷ್ಟು ಕೈ ದಾಟಿದ ಮರಿಯೋ ದೇವರಿಗೇ ಗೊತ್ತು.

ಅದನ್ನು ಓಡಿಸುವವನು ಮೇಗುಂದದ ಸುಂದರ. ಒಂದು ಕಾಲಕ್ಕೆ ಅವನು ಹೆಸರು ಮಾಡಿದ ಕೊನೆಗಾರ. ಒಂದು ಮರದ ತಲೆಯಿಂದ ಇನ್ನೊಂದರ ತಲೆಗೆ ಜೀಕಿಕೊಂಡು ಹೋಗಿ ಅಡಿಕೆ ಕೊನೆ ಇಳಿಸುತ್ತಿದ್ದವನು. ಒಮ್ಮೆ ಬಿದ್ದ. ಸೊಂಟದ ಮೂಳೆ ಕೂಡಿಕೊಂಡಿತು, ಆದರೆ ಮರ ಹತ್ತುವುದೂ ಹೊರೆ ಹೊರುವುದೂ ಅಲ್ಲಿಗೇ ಮುಗಿಯಿತು. ಎಂಟು ವರ್ಷಗಳಿಂದ ಈ ಸೀಟೇ ಅವನ ಅನ್ನ. ಕೂತು ಮಾಡುವ ಕೆಲಸ ಕೂಲಿಯವನಿಗೆ ನಮ್ಮ ಸೀಮೆಯಲ್ಲಿ ಬೇರೆಲ್ಲಿ ಸಿಕ್ಕೀತು? ಲೋಡರ್ ಹೋದರೆ ಸುಂದರನ ಕೆಲಸವೂ ಹೋದಂತೆಯೇ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಲೋಡರನ್ನು ಕಳೆದ ನವೆಂಬರಿನಲ್ಲಿ ಹೊರಗೆ ತೆಗೆದೆವು. ಇಂಜಿನ್ ಲಕ್ಷಣವಾಗಿ ಸ್ಟಾರ್ಟಾಯಿತು. ಆದರೆ ತುಂಬಿದ ಬಕೆಟ್ಟು ಅರ್ಧಕ್ಕೆ ಏರಿ, ಅಲ್ಲಿ ಕುಂಯ್ ಎಂದು ಒಂದು ರಾಗ ಎಳೆದು, ನಿಂತೇಬಿಟ್ಟಿತು. ಟ್ರೈಲರಿಗೆ ಬೀಳಬೇಕಾದ ಗೊಬ್ಬರ ಟ್ರೈಲರಿನ ಅಂಚು ನೋಡುತ್ತ ಕೆಳಗೇ ಉಳಿಯಿತು.

“ಎಂತ ಆತು ಸುಂದರ?”

“ದಮ್ಮಿಲ್ಲ ಅಕ್ಕ. ಎಣ್ಣೆ ಕಿಂಡೀಲಿ ನೋಡಿದ್ರೆ ಸರಿ ಅದೆ. ಎತ್ತಕ್ಕೆ ದಮ್ಮೇ ಇಲ್ಲ ಇದಕ್ಕೆ.”

ದಮ್ಮು ಎಂಬ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಉಸಿರೂ ದಮ್ಮು, ತಾಕತ್ತೂ ದಮ್ಮು, ಧೈರ್ಯವೂ ದಮ್ಮು. ಬೀಡಿಯ ಒಂದು ಎಳೆತ ದಮ್ಮಾದರೆ, ಅದನ್ನು ಎಳೆದೆಳೆದು ಬರುವ ಕಾಯಿಲೆಯೂ ದಮ್ಮೇ. ಇಷ್ಟು ಅರ್ಥ ಹೊತ್ತ ಮಾತನ್ನು ಕೇಳಿದಾಗ ನಾವು ನಮಗೆ ಹತ್ತಿರವಾದುದನ್ನು ಆರಿಸಿಕೊಳ್ಳುತ್ತೇವೆ. ನಾನು ಆರಿಸಿಕೊಂಡದ್ದು ತಾಕತ್ತನ್ನು. ಹಳೆಯದಾಯಿತು, ತಾಕತ್ತು ಹೋಯಿತು, ಮುಗಿಯಿತು ಕಥೆ! ಫೋನಿನಲ್ಲಿ ವಿಚಾರಿಸಿದಾಗ ಬಿಡಿಭಾಗದ ಅಂಗಡಿಯವನೂ “ಎಣ್ಣೆ ನೂಕೋ ಪಂಪ್ ಹೋಗಿರ್ತದೆ ಮೇಡಂ, ಇಷ್ಟು ಹಳೇದಕ್ಕೆ ಎಲ್ಲೂ ಸಿಗಲ್ಲ, ಗುಜರಿಗೆ ಹಾಕಿ” ಎಂದು ನನ್ನ ತೀರ್ಮಾನಕ್ಕೆ ಮೊಹರು ಒತ್ತಿದ. ವಯಸ್ಸಾದದ್ದು ಏನೇ ಇರಲಿ, ಅದು ಉಸ್ಸೆಂದ ಕೂಡಲೇ ನಾವು ವಯಸ್ಸನ್ನೇ ದೂರಿ ಕೈತೊಳೆದುಕೊಳ್ಳುತ್ತೇವೆ. ಹತ್ತಿರ ಹೋಗಿ ನೋಡುವ ಶ್ರಮ ಉಳಿಯಿತಲ್ಲ.

ವಯಸ್ಸನ್ನಷ್ಟೇ ದೂರಿದ್ದರೆ ಚೆನ್ನಾಗಿತ್ತು. ನನ್ನ ಬಾಯಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. “ನೀನು ಬಕೆಟ್ಟಿಗೆ ಒತ್ತಿ ಒತ್ತಿ ತುಂಬೋದು ಜಾಸ್ತಿ ಆತು ಮಾರಾಯ, ಪಂಪ್ ಮತ್ತೆಂತ ಮಾಡ್ತದೆ” ಎಂದುಬಿಟ್ಟೆ. ಅವತ್ತಿನಿಂದ ಸುಂದರ ಬಕೆಟ್ಟಿಗೆ ಅರ್ಧವಷ್ಟೇ ತುಂಬತೊಡಗಿದ, ಮಾತನ್ನೂ ಅರ್ಧಕ್ಕೆ ಇಳಿಸಿದ.

ಗುಜರಿಯವನಿಗೆ ಹೇಳಿಕಳಿಸಿದ್ದೂ ಆಯಿತು; ಅವನು ಬರುವ ಮೊದಲು ಒಮ್ಮೆ ತೋರಿಸಿಬಿಡೋಣವೆಂದು ನರಸಿಂಹರಾಜಪುರದ ವಾಸಣ್ಣನನ್ನು ಕರೆಸಿದೆ. ವಾಸಣ್ಣ ಟ್ರ್ಯಾಕ್ಟರು, ಟಿಲ್ಲರುಗಳ ನಡುವೆಯೇ ತಲೆ ನರೆಸಿಕೊಂಡ ಮೆಕ್ಯಾನಿಕ್. ಬಂದವನು ಸ್ಪಾನರ್ ಮುಟ್ಟಲೇ ಇಲ್ಲ. ಭಾರವಿದ್ದ ಬಕೆಟ್ಟನ್ನು ಏರಿದಷ್ಟು ಏರಿಸಿ ಇಂಜಿನ್ ನಿಲ್ಲಿಸಲು ಸುಂದರನಿಗೆ ಹೇಳಿದ. ಅದರ ಅಡಿಗೆ ಯಾರೂ ಹೋಗಕೂಡದೆಂದು ಗದರಿದ. ಬಕೆಟ್ಟು ನಿಂತ ಎತ್ತರಕ್ಕೆ ಸರಿಯಾಗಿ ಶೆಡ್ಡಿನ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಲೆ ಅಡಿಕೆ ಹಾಕಿಕೊಂಡು ಕೂತ. ನಾನು ಚಡಪಡಿಸಿದೆ. ಕಾಫಿಯಾಯಿತು, ಎರಡನೆಯ ಸಲ ಎಲೆ ಅಡಿಕೆಯೂ ಆಯಿತು. ಬಕೆಟ್ಟು ಗೆರೆ ಬಿಟ್ಟು ಕದಲಿರಲಿಲ್ಲ.

“ತೋಳು ಎತ್ತೋ ಸಿಲಿಂಡರಿನ ಸೀಲ್ ಸೋರ್ತಿದ್ರೆ ಇಷ್ಟೊತ್ತಿಗೆ ಇಳೀತಿತ್ತು. ಸೀಲ್ ಗಟ್ಟಿ ಅದೆ,” ಎಂದ. ಮತ್ತೆ ಇಂಜಿನ್ ಹಾಕಿಸಿ, ಆ ಕುಂಯ್ ರಾಗಕ್ಕೆ ಕಣ್ಣುಮುಚ್ಚಿ ಕಿವಿಗೊಟ್ಟ. “ಪಂಪೂ ಹೋಗಿಲ್ಲ ಮಾರಾಯ್ರೆ. ಪಾಪ, ಅದಕ್ಕೆ ಹೊಟ್ಟೆಗಿಲ್ಲ. ಎಣ್ಣೆ ಬರ್ತಾ ಇಲ್ಲ ಅದಕ್ಕೆ.”

ಇಂಜಿನ್ ಆರಿಸಿ, ಪಂಪಿಗೆ ಬರುವ ಪೈಪನ್ನು ಸವರುತ್ತ ಸವರುತ್ತ ಅವನ ಕೈ ಎಣ್ಣೆಯ ಟ್ಯಾಂಕಿನವರೆಗೆ ಹೋಯಿತು. ಒಂದು ತಗಡನ್ನು ಬಿಚ್ಚಿ, ಒಳಗಿನ ಮುಚ್ಚಳದ ಮೇಲೆ ಕೂತಿದ್ದ ಜಿಡ್ಡು ಧೂಳನ್ನು ಒರೆಸಿ ಕೇಳಿದ: “ಇದನ್ನ ಕಟ್ಟಿದ ಪುಣ್ಯಾತ್ಮ ಯಾರು?”

ಇಣುಕಿ ನೋಡಿದೆ. ಹಾಲಿನ ಕವರು. ಅದರ ಮೇಲೆ ಸೈಕಲ್ ಟ್ಯೂಬು, ಬಿಗಿಯಾಗಿ ಮೂರು ಸುತ್ತು. ಅಕ್ಷರದ ಹಾಗೆ ಗಂಟಿಗೂ ಒಬ್ಬೊಬ್ಬರ ಗುರುತಿರುತ್ತದೆ. ಅದು ನನ್ನ ಗಂಟು. ಮೇ ತಿಂಗಳಲ್ಲಿ ಸೈಲೆನ್ಸರಿನ ಬಾಯಿ ಕಟ್ಟಿದ ಉಮೇದಿನಲ್ಲೇ ಇದನ್ನೂ ಕಟ್ಟಿ, ಮೇಲೆ ತಗಡು ಕೂರಿಸಿ, ಸಂಪೂರ್ಣ ಮರೆತಿದ್ದೆ. ಸೈಲೆನ್ಸರಿನದು ಕಣ್ಣಿಗೆ ಕಾಣುವಂಥದ್ದು, ಸುಂದರ ಬಿಚ್ಚಿದ್ದ. ಇದು ಇರುವುದೇ ಅವನಿಗೆ ಗೊತ್ತಿರಲಿಲ್ಲ.

ಆ ಮುಚ್ಚಳದಲ್ಲಿ ಗಾಳಿಯಾಡಲೆಂದೇ ಸಣ್ಣ ತೂತುಗಳಿವೆಯಂತೆ. ತೋಳು ಏರುವಾಗ ಟ್ಯಾಂಕಿನ ಎಣ್ಣೆ ಸಿಲಿಂಡರಿಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಬರದಿದ್ದರೆ ಪಂಪು ಎಣ್ಣೆಯನ್ನು ಎಳೆದೂ ಎಳೆದೂ ಸೋಲುತ್ತದೆ. ವಾಸಣ್ಣ ಇದನ್ನು ವಿವರಿಸುತ್ತಲೇ ಬ್ಲೇಡಿನಿಂದ ಟ್ಯೂಬು ಕೊಯ್ದ. ಟ್ಯಾಂಕು ಸುಸ್ಸೆಂದು ಗಾಳಿ ಒಳಗೆಳೆದುಕೊಂಡಿತು. ದಮ್ಮಿಲ್ಲವೆಂದು ಸುಂದರ ಮೊದಲ ದಿನವೇ ರೋಗದ ಹೆಸರನ್ನು ಸರಿಯಾಗಿಯೇ ಹೇಳಿದ್ದ. ಅರ್ಥ ತಪ್ಪಿದ್ದು ನನಗೆ.

ಎಣ್ಣೆಯ ನೊರೆ ಇಳಿಯಲೆಂದು ಸ್ವಲ್ಪ ಕಾದೆವು. ಆಮೇಲೆ ಸುಂದರ ಸೀಟಿಗೆ ಹತ್ತಿ ಬಕೆಟ್ಟು ತುಂಬಿಕೊಂಡ. ತೋಳು ಸದ್ದಿಲ್ಲದೆ ಮೇಲೇರಿ, ಟ್ರೈಲರಿನ ಅಂಚು ದಾಟಿ, ಗೊಬ್ಬರವನ್ನು ದಡಕ್ಕನೆ ಸುರಿಯಿತು. ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ಎದೆಯ ಮೇಲೆ ಹೇರಿಕೊಂಡದ್ದು ಇಷ್ಟಿತ್ತೆಂದು ಅದು ಇಳಿದ ಮೇಲೆಯೇ ನನಗೆ ತಿಳಿದದ್ದು.

“ತಪ್ಪು ನಂದು ಸುಂದರ,” ಎಂದೆ. “ನಾನೇ ಕಟ್ಟಿದ್ದು, ನಾನೇ ಮರ್ತಿದ್ದು. ಸುಮ್ನೆ ನಿಂಗೆ ಅಂದೆ.”

ವಾಸಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಂದರ ನಗಲಿಲ್ಲ. ತೋಳು ಇಳಿಸಿ, ಇಂಜಿನ್ ಆರಿಸಿ, ಕೂತಲ್ಲಿಂದಲೇ ಕೇಳಿದ.

“ಹಂಗಾರೆ ನಾ ಕೆಡ್ಸಿದ್ದಲ್ಲ, ಅಲ್ದಾ ಅಕ್ಕ?”

“ಅಲ್ಲ ಮಾರಾಯ. ನೀನು ಎಂತದೂ ಮಾಡಿಲ್ಲ.”

ಅವನು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿದ್ದು ಬೆವರನ್ನೋ ಇನ್ನೇನನ್ನೋ ನಾನು ನೋಡಲು ಹೋಗಲಿಲ್ಲ. “ನಾಳೆಯಿಂದ ಬರಲ್ಲ ಅಂತ ಹೇಳಕ್ಕೇ ಇವತ್ತು ಬಂದಿದ್ದೆ,” ಎಂದ. “ನನ್ನ ಕೈಯಲ್ಲಿ ಕೆಟ್ಟಿದ್ದನ್ನ ನೀವು ಗುಜರಿಗೆ ಹಾಕೋದನ್ನ ನೋಡ್ತಾ ಎಂತ ನಿಲ್ಲೋದು ಅಂತ.” ಮತ್ತೆ ಇಂಜಿನ್ ಹಾಕಿ, ಇನ್ನೊಂದು ಬಕೆಟ್ಟು ತುಂಬಲು ರಾಶಿಯ ಕಡೆ ತಿರುಗಿದ.