ಎದುರು ದಡದ ಬಾವಿಯ ನೀರು

ನೀರಿಗೆ ನೆನಪಿರುವುದಿಲ್ಲ. ಹೀಗೆ ಹೇಳಿ ನಾನು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ ಲೆಕ್ಕವಿಲ್ಲ. ಮಂತ್ರಿಸಿದ ನೀರು, ಯಾರೋ ಸಾಧು ಕೈಯಿಟ್ಟ ಮೇಲೆ ಸಿಹಿಯಾದ ಬಾವಿ, ಇಂಥ ಕತೆ ಶುರುವಾದರೆ ಸಾಕು, ನನಗೆ ಸಿಟ್ಟು ಮೂಗಿನ ತುದಿಗೇ ಬರುತ್ತಿತ್ತು. ಲಂಡನ್ನಿಗೆ ಬಂದಾಗಿನಿಂದ ನನ್ನ ಹೊಟ್ಟೆಪಾಡೇ ನೀರಿನ ಪರೀಕ್ಷೆ. ಮನೆಮನೆಯ ನಲ್ಲಿಗಳಿಂದ ಬಂದ ಬಾಟಲಿಗಳನ್ನು ಲ್ಯಾಬಿನಲ್ಲಿ ಸಾಲಾಗಿ ಇಟ್ಟುಕೊಂಡು ಉಪ್ಪೆಷ್ಟು, ಸುಣ್ಣವೆಷ್ಟು, ಕ್ರಿಮಿ ಇದೆಯೋ ಇಲ್ಲವೋ ನೋಡಿ ಬರೆಯುವುದು. ನೀರಿನಲ್ಲಿ ಏನಾದರೂ ಇದ್ದರೆ ಯಂತ್ರ ತೋರಿಸುತ್ತದೆ, ತೋರಿಸದಿದ್ದರೆ ಅದು ಇಲ್ಲ. ಇಷ್ಟೇ ನನ್ನ ವೇದಾಂತ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾನು, ನನ್ನ ಗಂಡ ಇಬ್ಬರೂ ಧಾರವಾಡದವರು. ಅವರು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಲಂಡನ್ನಿನ ಅಂಚಿನ ಗ್ರೀನ್‌ಫರ್ಡಿನಲ್ಲಿ ಮನೆ ಕೊಂಡು ಬಂದ ಮೊದಲ ವಾರವೇ ಪಕ್ಕದ ಮನೆಯ ಬಾಗಿಲ ಮೆಟ್ಟಿಲ ಮೇಲೆ ಒಂದು ಕುಂಡ ಕಣ್ಣಿಗೆ ಬಿತ್ತು. ಅದರಲ್ಲಿ ದಟ್ಟವಾಗಿ ಬೆಳೆದ ತುಳಸಿ! ಈ ಬೀದಿಯಲ್ಲಿ ನಮ್ಮವರೊಬ್ಬರಿದ್ದಾರೆ ಎಂದು ಹಿಗ್ಗಿಹೋದೆ. ಗೇಟಿನ ಹತ್ತಿರ ಹೋಗಿ, ದೇವರು ದಿಂಡರು ಅನ್ನದ ನಾನೂ ಅಭ್ಯಾಸಬಲದಿಂದ ಕೈ ಮುಗಿದೆ. ಅಷ್ಟರಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬಳು ಬಾಗಿಲು ತೆರೆದು ನನ್ನನ್ನು ನೋಡಿ ನಕ್ಕಳು. ಅದು ತುಳಸಿಯಲ್ಲ, ಅದರದೇ ಜಾತಿಯ ಬೇಸಿಲ್. ಗಿಡದ ತಲೆ ಸವರಿ ಆ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಇದನ್ನು ಅಡುಗೆಗೆ ಹಾಕುವುದಿಲ್ಲ, ಇದು ಚರ್ಚಿಗೆ ಮತ್ತು ಮನೆಯ ಒಳಿತಿಗೆ ಎಂದಳು. ನಮ್ಮಲ್ಲೂ ಹಾಗೇ ಎಂದೆ. ಅಂದಿನಿಂದ ನಮ್ಮ ಗೆಳೆತನ.

ಆಕೆ ಸೋಫಿಯಾ, ಗ್ರೀಸಿನವಳು. ನಾನು ಕಿರಿಯಾ ಸೋಫಿಯಾ ಎನ್ನುತ್ತಿದ್ದೆ. ಕಿರಿಯಾ ಎಂದರೆ ಅವರ ಭಾಷೆಯಲ್ಲಿ ಅಮ್ಮನವರೇ ಎಂದ ಹಾಗೆ. ಗಂಡನ ಜೊತೆ ಬಂದು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಡ್ರೈವಿಂಗ್ ಕಲಿಸುವ ಮಗ ಯಾನಿ ದಿನಾ ಸಂಜೆ ಬಂದು ಹೋಗುತ್ತಿದ್ದ. ನಾನು ಮೊದಲು ಆಕೆಯ ಗ್ರೀಸನ್ನು ಸ್ಕೂಲಿನ ಪುಸ್ತಕದ ಗ್ರೀಸೆಂದೇ ತಿಳಿದಿದ್ದೆ. ಬಿಳಿ ಕಲ್ಲಿನ ಕಂಬಗಳು, ಗಡ್ಡದ ಜ್ಞಾನಿಗಳು. ಆಕೆಗೆ ಅದರ ಹಂಗೇ ಇರಲಿಲ್ಲ. ಆಕೆ ಹುಟ್ಟಿದ್ದು ಒಂದು ದ್ವೀಪದಲ್ಲಿ. ಆದರೆ ‘ನಮ್ಮೂರು’ ಎಂದಾಗ ಬೆರಳು ತೋರಿಸುತ್ತಿದ್ದುದು ಆ ದ್ವೀಪದ ಎದುರಿನ ದಡಕ್ಕೆ. ಅದು ಈಗ ತುರ್ಕಿ. ಅವಳ ತಾಯಿ ಸಣ್ಣ ಹುಡುಗಿಯಾಗಿದ್ದಾಗ ಅಲ್ಲಿಂದ ಗ್ರೀಕರನ್ನೆಲ್ಲ ಓಡಿಸಿದರು. ದೋಣಿಯಲ್ಲಿ ಜೀವ ಹಿಡಿದುಕೊಂಡು ಬಂದವರಿಗೆ ಮತ್ತೆ ಹೋಗಲಾಗಲಿಲ್ಲ. ಹೋಗಲಾಗದ ಊರು ದಿನಾ ಬೆಳಿಗ್ಗೆ ಎದ್ದರೆ ಎದುರಿಗೇ ಕಾಣುತ್ತಿತ್ತಂತೆ. ಬಟ್ಟೆ ಒಣಹಾಕುವಾಗಲೂ ಕಾಣುತ್ತಿತ್ತಂತೆ.

ಅಲ್ಲಿ ಅವರ ಅಂಗಳದಲ್ಲಿ ಒಂದು ಬಾವಿ. ಕಲ್ಲಿನ ಕಟ್ಟೆಯ ಮೇಲೆ ಹಗ್ಗ ಉಜ್ಜಿ ಬಿದ್ದ ಗೆರೆಗಳನ್ನು ಸೋಫಿಯಾ ನೋಡಿದವಳಂತೆ ಹೇಳುತ್ತಿದ್ದಳು. ಒಮ್ಮೆಯೂ ನೋಡಿರಲಿಲ್ಲ. ತಾಯಿ ಸಾಯುವಾಗ ಆ ಬಾವಿಯ ನೀರು ಕೇಳಿದಳಂತೆ. ಸೋಫಿಯಾ ದ್ವೀಪದ ತೊಟ್ಟಿಯ ನೀರನ್ನೇ ಲೋಟಕ್ಕೆ ಹಾಕಿ, ಮೀನುಗಾರರೊಬ್ಬರು ಆಚೆಯಿಂದ ತಂದರು, ನಮ್ಮ ಬಾವಿಯದೇ ಎಂದು ಸುಳ್ಳು ಹೇಳಿದಳು. ತಾಯಿ ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಇದಲ್ಲ ಎಂದು ತಲೆಯಲ್ಲಾಡಿಸಿ ಮುಖ ಆಚೆ ತಿರುಗಿಸಿದಳಂತೆ. ಅದನ್ನು ನನಗೆ ಹೇಳುವಾಗ ಸೋಫಿಯಾಗೆ ಎಂಬತ್ತು ದಾಟಿತ್ತು. ತನಗಾದರೂ ಸಾಯುವ ಮೊದಲು ಆ ನೀರು ಸಿಗಬೇಕು, ತಾಯಿಯ ಪಾಲಿನದನ್ನೂ ಕುಡಿದು ಹೋಗುತ್ತೇನೆ ಎನ್ನುತ್ತಿದ್ದಳು.

ಕೊನೆಯ ಚಳಿಗಾಲದಲ್ಲಿ ಆಕೆ ಹಾಸಿಗೆ ಹಿಡಿದಳು. ಅವಳ ಡಾಕ್ಟರು ಬಂದು ನೋಡಿ, ಇನ್ನು ಹೆಚ್ಚು ದಿನವಿಲ್ಲ ಎಂದರು. ಯಾನಿ ಅದೇ ವಾರ ನೀರು ತರಲು ಹೊರಟ. ದ್ವೀಪಕ್ಕೆ ಹೋಗಿ, ಅಲ್ಲಿಂದ ದೋಣಿ ಹತ್ತಿ ಆಚೆ ದಡಕ್ಕಿಳಿದ. ಈಗ ಅದೇನು ದೊಡ್ಡ ವಿಷಯವಲ್ಲ. ಪ್ರವಾಸಿಗಳು ಬೆಳಿಗ್ಗೆ ಹೋಗಿ ಬಟ್ಟೆ, ಬೆಲ್ಟು ಕೊಂಡು ಸಂಜೆಗೆ ವಾಪಸ್ಸು ಬರುತ್ತಾರೆ.

ಐದನೆಯ ದಿನ ಮಧ್ಯಾಹ್ನ ಯಾನಿ ನಮ್ಮ ಹಿಂಬಾಗಿಲು ತಟ್ಟಿದ. ತಾಯಿಯ ಮನೆಗೆ ಇನ್ನೂ ಕಾಲಿಟ್ಟಿರಲಿಲ್ಲ. ಕೈ ಖಾಲಿ. ಮನೆ ಸಿಕ್ಕಿತಂತೆ. ಅದು ಈಗ ಲಾಡ್ಜು. ಬಾವಿಯನ್ನು ಎಂದೋ ಮುಚ್ಚಿ, ಸಿಮೆಂಟು ಹಾಕಿ, ಕಾರು ನಿಲ್ಲಿಸುತ್ತಾರಂತೆ. ಲಾಡ್ಜಿನ ಯಜಮಾನ ಪಾಪ ಚಹಾ ಕೊಟ್ಟು ಉಪಚರಿಸಿದ. ಅವನ ಅಜ್ಜನನ್ನೂ ಗ್ರೀಸಿನಿಂದ ಹೀಗೇ ಎಬ್ಬಿಸಿ ಕಳಿಸಿದ್ದರಂತೆ. ಯಾನಿ ಇದನ್ನೆಲ್ಲ ನಿಂತುಕೊಂಡೇ ಹೇಳಿದ, ಕೂರಲಿಲ್ಲ.

“ಒಂದು ಉಪಕಾರ ಮಾಡಿ. ನಿಮ್ಮ ಕೆಲಸವೇ ನೀರು. ನಲ್ಲಿಯದನ್ನೇ ಕೊಡಿ, ಆದರೆ ನೀವೇ ಬಂದು ಕೊಡಿ. ನನ್ನ ಮುಖ ನೋಡಿದರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ” ಎಂದ.

ಆಗುವುದಿಲ್ಲ ಎನ್ನಬೇಕೆಂದಿದ್ದೆ. ಸುಳ್ಳಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಸಾಲದ್ದಕ್ಕೆ, ಈ ನಲ್ಲಿಯ ನೀರಿನಲ್ಲಿ ಏನೇನಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ತಾಯಿ ತಲೆಯಲ್ಲಾಡಿಸಿದ ಹಾಗೆ ಇವಳೂ ತಲೆಯಲ್ಲಾಡಿಸಿದರೆ ನಾನು ಬದುಕಿರುವಷ್ಟು ದಿನ ಅದನ್ನು ಹೊತ್ತು ತಿರುಗಬೇಕು. ನಲ್ಲಿಯ ಮುಂದೆ ನಿಂತವಳ ಕಣ್ಣು ಮೇಲಿನ ಗೂಡಿಗೆ ಹೋಯಿತು. ಅಲ್ಲಿ ಅವ್ವ ಕೊಟ್ಟ ಗಂಗೆಯ ಗಿಂಡಿ ಇತ್ತು.

ಬೆಸುಗೆ ಹಾಕಿ ಮುಚ್ಚಿದ, ಅಂಗೈಯಗಲದ ತಾಮ್ರದ ಗಿಂಡಿ. ಯಾರೋ ಕಾಶಿಗೆ ಹೋದವರು ತಂದುಕೊಟ್ಟದ್ದು. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ ಅದನ್ನೊಡೆದು ಬಾಯಿಗೆ ನೀರು ಬಿಡುತ್ತಾರೆ. ನಾನು ಲಂಡನ್ನಿಗೆ ಹೊರಟ ದಿನ ಅವ್ವ ಅದನ್ನು ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಳು. ನಿನಗ ಬೇಕಾಗ್ತದವ್ವ ಅಂದೆ. “ನಮಗಿಲ್ಲೆ ಯಾರರೆ ತಂದು ಕೊಡ್ತಾರ. ಅಲ್ಲೆ ನಿಮಗ ಯಾರು ಕೊಡ್ತಾರ? ಸುಮ್ನ ಇಟ್ಕೋ” ಅಂದಳು. ನಾನು ನಕ್ಕಿದ್ದೆ. ಆರು ವರ್ಷದ ಮೇಲೆ ಅವ್ವ ಒಂದು ಬೆಳಗಿನ ಜಾವ ಇದ್ದಕ್ಕಿದ್ದಂತೆ ಹೋದಳು. ಮನೆಯೆಲ್ಲ ಹುಡುಕಿದರೂ ಗಂಗೆ ಸಿಗದೆ, ಅಣ್ಣ ನಲ್ಲಿ ನೀರಿಗೇ ತುಳಸಿದಳ ಹಾಕಿ ಬಾಯಿಗೆ ಬಿಟ್ಟ. ಅದನ್ನು ನಾನು ಫೋನಿನಲ್ಲಿ ನೋಡಿದೆ. ಅವಳ ಗಂಗೆ ನನ್ನ ಅಡುಗೆಮನೆಯಲ್ಲಿತ್ತು. ನಂಬಿಕೆಯೇ ಇಲ್ಲದವಳಿಗೆ ಅದು ಯಾಕೆ ಚುಚ್ಚಬೇಕು ಹೇಳಿ? ಚುಚ್ಚಿತು. ಈಗಲೂ ಚುಚ್ಚುತ್ತದೆ.

ಸ್ಕ್ರೂಡ್ರೈವರ್ ಹಾಕಿ ಬೆಸುಗೆ ಬಿಡಿಸಿದೆ. ಲ್ಯಾಬಿನ ಚಾಳಿ, ಮೊದಲು ಬೆಳಕಿಗೆ ಹಿಡಿದು ನೋಡಿದೆ, ಮೂಸಿ ನೋಡಿದೆ. ತಾಮ್ರದ ವಾಸನೆ, ಇನ್ನೇನಿಲ್ಲ. ಬಾಯಿಗೆ ಹಾಕಿಕೊಳ್ಳಲಿಲ್ಲ. ಇದು ಆಮೇಲೆ ನನ್ನನ್ನು ಬಹಳ ಕಾಡಿದೆ. ಪರೀಕ್ಷೆ ಮಾಡದ ಹಳೆಯ ನೀರನ್ನು ರೋಗಿಯ ಬಾಯಿಗೆ ಹಾಕುವುದು ತಪ್ಪು. ಗೊತ್ತಿದ್ದೂ ಹೋದೆ.

ಸೋಫಿಯಾ ಎಚ್ಚರವಾಗಿದ್ದಳು. ಯಾನಿ ಕಾಲ ಹತ್ತಿರ ನಿಂತಿದ್ದ. ನಿಮ್ಮೂರಿನ ನೀರು ಎಂದೆ. ನಾಲಿಗೆ ಹೊರಳಿತು. ಒಂದು ಚಮಚ ಬಿಟ್ಟೆ. ಆಕೆ ನುಂಗದೆ, ಕಣ್ಣು ಮುಚ್ಚಿ, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು. ತಲೆ ಈಗ ಅಲ್ಲಾಡುತ್ತದೆ, ಈಗ ಅಲ್ಲಾಡುತ್ತದೆ ಎಂದು ನಾನು ಚಮಚ ಹಿಡಿದೇ ಕಾದೆ. ಗಂಟಲು ಮೆಲ್ಲಗೆ ಆಡಿತು. ಹೊದಿಕೆಯೊಳಗಿನಿಂದ ಕೈ ಹೊರಗೆ ಬಂದು ಚಮಚವನ್ನು ಹುಡುಕಿತು. ಇನ್ನೊಂದು ಬೇಕು ಎಂದು! ಎರಡನೆಯದನ್ನೂ ಕುಡಿದು ಮಗನಿಗೆ ಗ್ರೀಕಿನಲ್ಲಿ ಏನೋ ನಾಲ್ಕು ಮಾತು ಹೇಳಿದಳು. ಅವನು ಮುಖ ಮುಚ್ಚಿಕೊಂಡ. ಆಮೇಲೆ ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ, “ಇದೇ, ಮಗಳೇ. ಇದೇ” ಎಂದಳು.

ಸರಿ, ಮುದುಕಿಯ ಮನಸ್ಸಿಗೆ ಸಮಾಧಾನವಾಯಿತಲ್ಲ ಎಂದುಕೊಂಡು ಮನೆಗೆ ಬಂದೆ. ಗಿಂಡಿಯಲ್ಲಿ ಇನ್ನೂ ನೀರಿತ್ತು. ಸುಮ್ಮನೆ, ಯಾಕೆಂದು ಗೊತ್ತಿಲ್ಲ, ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ನೆಕ್ಕಿದೆ. ಮೊದಲು ಸಿಹಿ. ಅದು ಮುಗಿಯುವಷ್ಟರಲ್ಲಿ ನಾಲಿಗೆಯ ಅಂಚಿಗೆ ಉಪ್ಪು, ಕಡಲ ಹತ್ತಿರದ ಊರುಗಳ ನೀರಿನಲ್ಲಿರುವಂಥ ತೆಳು ಉಪ್ಪು. ಕೊನೆಗೆ ಹಸಿ ಎಲೆಯ ವಾಸನೆ. ಚಿಕ್ಕವಳಿದ್ದಾಗ ಅತ್ತಿಯ ಎಲೆ ಮುರಿದರೆ ಹಾಲು ಒಸರಿ ಬರುತ್ತಿತ್ತಲ್ಲ, ಆ ವಾಸನೆ. ನನ್ನ ಕೈಯೇ ಕೊಳೆಯಿರಬೇಕೆಂದು ಸೋಪು ಹಚ್ಚಿ ತೊಳೆದು, ಚಮಚದಿಂದ ಮತ್ತೆ ನೋಡಿದೆ. ಅದೇ. ಆಸ್ಪತ್ರೆಯಿಂದ ಬಂದ ಗಂಡನಿಗೆ ಏನೂ ಹೇಳದೆ ಒಂದು ಚಮಚ ಕೊಟ್ಟೆ. “ಉಪ್ಪು ಯಾಕ ಹಾಕೀ?” ಅಂದರು. ವಿಷಯ ತಿಳಿದ ಮೇಲೆ, ತಾಮ್ರದಾಗ ವರ್ಷಾನುಗಟ್ಟಲೆ ಇದ್ದ ನೀರು ಮತ್ತ, ಹಂಗ ಇರ್ತದ ಅಂದರು. ತಾಮ್ರ ನೀರಿಗೆ ಉಪ್ಪು ಕೊಡುವುದಿಲ್ಲ. ನನಗೆ ಗೊತ್ತು, ಅವರಿಗೂ ಗೊತ್ತು.

ಮೂರನೆಯ ದಿನ ಬೆಳಿಗ್ಗೆ ಸೋಫಿಯಾ ಹೋದಳು. ನಿದ್ದೆಯಲ್ಲೇ, ಯಾರನ್ನೂ ಕರೆಯದೆ.

ಅವರಲ್ಲಿ ನಲವತ್ತನೆಯ ದಿನ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಸಕ್ಕರೆ, ದಾಳಿಂಬೆ ಕಾಳು ಹಾಕಿ ಚರ್ಚಿನಲ್ಲಿ ಹಂಚುತ್ತಾರೆ. ಗೋಧಿಗೆ ಯಾನಿಯನ್ನು ನಮ್ಮ ದೇಶದ ಅಂಗಡಿಗಳಿರುವ ಸೌತ್‌ಹಾಲಿಗೆ ನಾನೇ ಕರೆದುಕೊಂಡು ಹೋದೆ. ಹೋಗಿ ನಮ್ಮ ಹುಗ್ಗಿಗೆ ತರುವ ಕುಟ್ಟಿದ ಗೋಧಿಯನ್ನು ಎತ್ತಿ ಅವನ ಬುಟ್ಟಿಗೆ ಹಾಕಿದೆ. ಧಾರವಾಡದವರ ಬುದ್ಧಿ ಅಷ್ಟೇ, ಗೋಧಿ ಎಂದರೆ ಹಬ್ಬದ ಹುಗ್ಗಿ. ಅವನು ಮೆಲ್ಲಗೆ ಅದನ್ನು ತೆಗೆದಿಟ್ಟ. ಸಿಪ್ಪೆ ತೆಗೆಯದ ಇಡೀ ಕಾಳೇ ಬೇಕಂತೆ, ಅದು ಮಣ್ಣಿಗೆ ಬಿದ್ದರೆ ಮತ್ತೆ ಮೊಳೆಯಬೇಕಂತೆ. ಅಲ್ಲೇ, ಆ ಅಂಗಡಿಯ ನೂಕುನುಗ್ಗಲಿನಲ್ಲಿ, ಅಮ್ಮ ಅವತ್ತು ಏನಂದರು ಎಂದು ಕೇಳಿದೆ.

“ಮೊದಲು ಸಿಹಿ, ಆಮೇಲೆ ಉಪ್ಪು, ಕೊನೆಗೆ ಅಂಜೂರದ ಎಲೆ. ನನ್ನ ಅಮ್ಮ ಹೇಳಿದ್ದು ನಿಜ” ಎಂದಳಂತೆ.

ಆ ಬಾವಿಯ ಒಳಗೋಡೆಯಲ್ಲಿ, ನಮ್ಮ ಅತ್ತಿಯ ಜಾತಿಯದೇ ಆದ ಅಂಜೂರದ ಗಿಡವೊಂದು ಹುಟ್ಟಿ, ಎಲೆಗಳು ನೀರಿಗೆ ಬೀಳುತ್ತಿದ್ದವಂತೆ. ಅಜ್ಜಿ ಹೇಳುತ್ತಿದ್ದ ಮಾತಂತೆ. ಅವನಿಗೂ ಮರೆತೇ ಹೋಗಿತ್ತು. ಸೋಫಿಯಾ ನನಗೆ ಕಟ್ಟೆಯ ಗೆರೆಗಳವರೆಗೆ ಎಲ್ಲ ಹೇಳಿದ್ದಳು, ರುಚಿಯನ್ನು ಮಾತ್ರ ಹೇಳಿರಲಿಲ್ಲ. ಹೇಳಿದ್ದಳೇ, ನಾನು ಮರೆತೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದ್ದೇ ಆದರೂ ನನ್ನ ಗಂಡನಿಗೆ ಯಾರು ಹೇಳಿದ್ದರು?

ಗಿಂಡಿಯನ್ನು ಮೇಣ ಹಾಕಿ ಮುಚ್ಚಿಟ್ಟಿದ್ದೇನೆ. ಲ್ಯಾಬಿಗೆ ಒಯ್ದರೆ ಅರ್ಧ ಗಂಟೆಯ ಕೆಲಸ. ಇಷ್ಟು ವರ್ಷವಾಯಿತು, ಒಯ್ದಿಲ್ಲ. ಒಮ್ಮೆ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಸ್ಟಾಪಿನವರೆಗೆ ಹೋಗಿ ತಿರುಗಿ ಬಂದೆ. ಅವತ್ತು ನನಗೆ ಅವ್ವ ಬೇಕೆನಿಸಿತು, ಯಂತ್ರದ ಉತ್ತರವಲ್ಲ.

ಕಳೆದ ತಿಂಗಳು ಇದನ್ನೆಲ್ಲ ಮಗಳಿಗೆ ಹೇಳಿದೆ. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಹೊತ್ತು ಬಂದಾಗ ಆ ಗಿಂಡಿಯ ನೀರು ನನ್ನ ಬಾಯಿಗೆ ಬಿಡು ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ, ಕನ್ನಡದಲ್ಲೇ ಕೇಳಿದಳು:

“ನಿಮ್ಮನಿ ನೀರು ಹೆಂಗಿತ್ತು, ಅಮ್ಮ?”

ಹೇಳಲು ಬಾಯಿ ತೆರೆದೆ. ಹಿತ್ತಿಲ ಹಂಡೆ ನೆನಪಾಯಿತು, ತಾಮ್ರದ ಕೊಡ ನೆನಪಾಯಿತು, ಅವ್ವ ಸೆರಗಿನಿಂದ ಲೋಟ ಒರೆಸುವುದು ನೆನಪಾಯಿತು. ರುಚಿ ನೆನಪಾಗಲಿಲ್ಲ. ಇಪ್ಪತ್ತಾರು ವರ್ಷ ದಿನಾ ಕುಡಿದ ನೀರು! ಮಗಳು ಕಾಯುತ್ತಿದ್ದಳು. ನನಗೆ ನೆನಪಿಲ್ಲ, ಆ ನೀರಿಗೆ ಇದ್ದೀತು, ಅದಕ್ಕೇ ಆ ಗಿಂಡಿ ಎಸೆಯಬೇಡ ಎಂದೆ.