ಪಾಲು ಬಿಡಿಸಿದ ವರ್ಷ

ಮಣಿಪಾಲದಲ್ಲಿ ಹಣಕಾಸು ನಿರ್ವಹಣೆ ಓದುತ್ತಿದ್ದಾಗ ನನಗೆ ಎರಡು ಕೊಂಬು ಮೂಡಿದ್ದವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾಪುವಿನ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ಅಪ್ಪ ಒಂದು ಯಾಂತ್ರಿಕ ದೋಣಿ ಮಾಡಿಸಿ ಮಲ್ಪೆಯಲ್ಲಿ ಇಳಿಸಿದ್ದರು.

ನಮ್ಮಲ್ಲಿ ದೋಣಿಗೆ ಹೋಗುವವರಿಗೆ ಸಂಬಳವೆಂಬುದಿಲ್ಲ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸಿನ ಖರ್ಚು ಕಳೆದು ಉಳಿದದ್ದನ್ನು ಪಾಲು ಮಾಡುವುದು ವಾಡಿಕೆ. ಮೊದಲ ವರ್ಷ ಬಂಗುಡೆ ರಾಶಿ ರಾಶಿ ಸಿಕ್ಕಿತು. ನಮ್ಮ ದೋಣಿಯ ಏಳು ಜನರ ಪಾಲು ನೋಡಿ ನನ್ನ ಹೊಟ್ಟೆ ಉರಿಯಿತು. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಖರ್ಚು ನಿಗದಿಯಾಗಿದ್ದರೆ ಆದಾಯ ಏರಿದಾಗ ಹೆಚ್ಚಿನ ಲಾಭವೆಲ್ಲ ಮಾಲಕನದ್ದೇ ಎಂದು ತರಗತಿಯಲ್ಲಿ ಕಲಿತಿದ್ದೆ. ಬ್ಯಾಂಕಿನ ಕಂತು ಹೇಗೂ ನಿಗದಿ, ಇವರಿಗೂ ತಿಂಗಳ ಸಂಬಳ ಗೊತ್ತು ಮಾಡಿ ಎಂದು ಅಪ್ಪನ ಬೆನ್ನು ಹತ್ತಿದೆ. ಆದಾಯ ಇಳಿದಾಗ ಏನಾಗುತ್ತದೆಂಬುದೂ ಅದೇ ಪುಟದಲ್ಲಿತ್ತು. ಅದನ್ನು ಓದಿದ್ದೆ, ಆದರೆ ನಮಗೆ ಹೇಳಿದ್ದೆಂದು ಅನಿಸಿರಲಿಲ್ಲ.

"ಕಲಿತವಳು ನೀನು," ಎಂದು ಅಪ್ಪ ಮನಸ್ಸಿಲ್ಲದೆ ಒಪ್ಪಿದರು.

ಮರುವರ್ಷ ಮೀನೇ ಬರಲಿಲ್ಲ. ಸಂಬಳ ಕೊಡುವ ದಿನ ಮಾತ್ರ ತಪ್ಪದೆ ಬರುತ್ತಿತ್ತು, ಅದರ ಹಿಂದೆ ಕಂತು. ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಗಾಳಿ ಎದ್ದಿತು. ನಾನೂ ಅಪ್ಪನೊಂದಿಗೆ ಬಂದರಿಗೆ ಹೋಗಿದ್ದೆ. ಅಲ್ಲಿ ಒಂದು ದೋಣಿಯೂ ಹೊರಟಿರಲಿಲ್ಲ. ಪಾಲಿನ ದೋಣಿಗಳವರಿಗೆ ನಿಂತರೆ ಡೀಸೆಲಾದರೂ ಉಳಿಯುತ್ತಿತ್ತು. ನಮ್ಮ ಕಂತಿಗೆ ನಾಲ್ಕೇ ದಿನವಿತ್ತು. ತಪ್ಪಿದರೆ ಮನೆಗೆ ಕುತ್ತು.

"ಇವತ್ತು ಬೇಡ, ಗಾಳಿ ಸರಿ ಇಲ್ಲ," ಎಂದರು ದೋಣಿ ನಡೆಸುವ ತಾಂಡೇಲರು.

ಅಪ್ಪ ಕಡಲಿನ ಕಡೆ ತಿರುಗಿದರು. "ನಿಂತರೂ ಸಂಬಳ ಕೊಡ್ಲಿಕ್ಕುಂಟಲ್ವಾ?" ಎಂದೆ.

ತಾಂಡೇಲರು ನನ್ನ ಮುಖ ನೋಡಿದರು. ಆಮೇಲೆ ದೋಣಿ ಹತ್ತಿದರು. ಉಳಿದ ಆರು ಜನ ಹತ್ತಿದರು. ಕೊನೆಗೆ ಅಪ್ಪನೂ ಹತ್ತಿದರು. ಅವರು ಕಡಲಿಗೆ ಹೋಗಬೇಕಾದ ದಿನವೇನಲ್ಲ ಅದು.

ಮಧ್ಯಾಹ್ನದ ಹೊತ್ತಿಗೆ ಮಳೆ ಹೊಡೆಯಿತು. ಐಸ್ ಕಾರ್ಖಾನೆಯ ಗೋಡೆಗೆ ಒರಗಿ ನಿಂತಿದ್ದೆ. ಖಾಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು, "ನಿಮ್ಮದು ಮಾತ್ರ ಎಂತಕ್ಕೆ ಹೋದದ್ದು ಮಾರಾಯ್ತಿ?" ಎಂದಳು. ಉತ್ತರ ನನಗೆ ಗೊತ್ತಿತ್ತು. ಅಪ್ಪನನ್ನು ನಾನೇ ಕೊಂದೆ ಎಂದುಕೊಂಡೆ.

ದೋಣಿ ಸಂಜೆ ನಾಲ್ಕರ ನಂತರ ಬಂತು, ಅಪ್ಪನೂ ಉಳಿದವರೂ ಅದರಲ್ಲಿದ್ದರು. ಬಲೆ ಇರಲಿಲ್ಲ, ದೋಣಿ ಮಗುಚುವಂತಾದಾಗ ಕಡಿದು ಬಿಟ್ಟಿದ್ದರಂತೆ. ಹಗ್ಗ ಎಳೆದು ತಾಂಡೇಲರ ಅಂಗೈ ಸೀಳಿತ್ತು. ಅವರು ನೇರ ನನ್ನ ಬಳಿಗೆ ಬಂದರು.

"ನಮಗೆ ಸಂಬಳ ಬೇಡ, ಪಾಲೇ ಕೊಡಿ. ಮೀನು ಸಿಗದಿದ್ದರೆ ನಾವೂ ಕೇಳುವುದಿಲ್ಲ. ಆದರೆ ಪಾಲು ಇದ್ದವನಿಗೆ ಹೋಗುವುದಿಲ್ಲ ಅಂತ ಹೇಳುವ ಹಕ್ಕುಂಟು."

ಯಾವ ಪಾಠದಲ್ಲೂ ಅದನ್ನು ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಅಪ್ಪ ಅಲ್ಲೇ ಒಪ್ಪಿಕೊಂಡರು.

ಆ ಸಲದ ಕಂತು ತಪ್ಪಿತು. ಗಡುವು ಕೇಳಿ ಬ್ಯಾಂಕಿಗೆ ಪತ್ರ ಬರೆಯುವ ಕೆಲಸ ನನ್ನದಾಯಿತು. ಮೀನು ಸಿಗಲಿಲ್ಲ ಎಂದಷ್ಟೇ ಬರೆ ಎಂದರು ಅಪ್ಪ. ನಾನು ಅದರ ಕೆಳಗೆ, ಮಗಳ ಮಾತು ಕೇಳಿ ದೋಣಿಯ ಖರ್ಚು ಹೆಚ್ಚಿತು ಎಂದೂ ಬರೆದೆ. ಅಪ್ಪ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆ ವಾಕ್ಯವನ್ನು ಹೊಡೆದು ಹಾಕಿ ಸಹಿ ಮಾಡಿದರು.