ಚಂದ್ರನ ಹಿಂದೆ ಒಂದು ಗೇಣು

ಮೊನ್ನೆ ಸಂಜೆ ಜಮಖಂಡಿಯ ನಮ್ಮ ಮನೆಯಲ್ಲಿ ಚಹದ ಕಪ್ಪು ಇನ್ನೂ ಕೈಯಲ್ಲಿದ್ದಾಗಲೇ ಫೋನು ಗುಂಯ್ ಎಂದಿತು. ಹುನ್ನೂರಿನ ಮಾಳಪ್ಪ ಒಂದು ಫೋಟೋ ಕಳಿಸಿದ್ದ. ಮಾಳಪ್ಪ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ಮೀಸೆಯೇ ನೆರೆತಿದೆ. ಬೀರೇಶ್ವರನ ಭಕ್ತರ ಮನೆತನ, ಕುರಿ ಮೇಯಿಸುವವರು. ಫೋಟೋದಲ್ಲಿ ಎಳೆಯ ಚಂದ್ರನಿದ್ದ. ಅವನ ಕಪ್ಪು ಬೆನ್ನಿಗೆ ಇನ್ನೇನು ಅಂಟಿಕೊಳ್ಳುತ್ತದೆ ಎನ್ನುವಂತೆ ಒಂದು ಬೆಳಕಿನ ಬೊಟ್ಟು. ಕೆಳಗೆ ಅವನ ದನಿ: "ಸರ, ಚಂದ್ರಾಮನ ಮಗ್ಗಲಕ ಏನೋ ಬೆಳಕ ಐತ್ರಿ. ಏನಂತ ಹೇಳ್ರಿ."

ಹೇಳ್ರಿ ಅಂದರೆ ಸಾಕು ನನಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಮೊದಲು ಬರುತ್ತದೆ, ಯೋಚನೆ ಆಮೇಲೆ. ಇದು ಫೋನಿನ ಗಾಜಿನಲ್ಲಿ ಬೀದಿದೀಪ ಮೂಡಿಸಿದ ಬಿಂಬ, ಹೆದರಬೇಡ ಎಂದು ಬರೆದು ಕಳಿಸಿಯೇ ಬಿಟ್ಟೆ. ಮರುಕ್ಷಣ ಅವನ ದನಿ ಬಂತು: "ಇಲ್ಲಿ ಬೀದಿದೀಪ ಎಲ್ಲಿವು ಸರ, ಅಡವ್ಯಾಗ ಅದೇನಿ. ಹೆದರಿಲ್ರಿ ನಾನು. ನೀವು ಮ್ಯಾಲ ಹೋಗಿ ನೋಡೀರೇನ್ರಿ?"

ನನ್ನ ಹೆಂಡತಿ ಪಕ್ಕದಲ್ಲೇ ಕಾಯಿಪಲ್ಯ ಸೋಸುತ್ತ ಕೂತಿದ್ದಳು. ತಲೆ ಎತ್ತದೆಯೇ ಕೇಳಿದಳು: "ನೋಡ್ಲಾರದನ ಹೇಳಿಬಿಟ್ರೇನ್ರಿ?"

ಇನ್ನು ಕೂರುವಂತಿರಲಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತುವಾಗ ಒಂದು ಚಪ್ಪಲಿ ಕೆಳಗೇ ಉಳಿಯಿತು. ಮೇಲೆ ಹೋಗಿ ಪಶ್ಚಿಮಕ್ಕೆ ನೋಡಿದೆ. ಮಾಳಪ್ಪನ ಫೋಟೋ ಅರ್ಧವನ್ನೂ ಹೇಳಿರಲಿಲ್ಲ. ಹೊತ್ತು ಮುಳುಗಿ ಆಕಾಶ ಇನ್ನೂ ತಿಳಿನೀಲಿಯಾಗಿತ್ತು. ಚಂದ್ರನ ಬೆಳ್ಳಗಿನ ಕುಡಿ ಕೆಳಗೆ. ಅದರ ಮೇಲೆ ಉಳಿದ ಇಡೀ ಬಿಲ್ಲೆ ಬೂದಿಬಣ್ಣದಲ್ಲಿ ಮಸುಕಾಗಿ ಕಾಣುತ್ತಿತ್ತು. ಭೂಮಿಯಿಂದ ಹೋದ ಬೆಳಕೇ ಅಲ್ಲಿ ಬಿದ್ದು ತಿರುಗಿ ನಮ್ಮ ಕಣ್ಣಿಗೆ ಬರುವುದು ಅದು. ಆ ಮಸುಕು ಅಂಚಿನ ಮೇಲೆ ಬೆಳ್ಳಿಚುಕ್ಕಿ, ಅಂದರೆ ಶುಕ್ರ, ಧಗಧಗ ಉರಿಯುತ್ತಿತ್ತು. ಒಂದು ಕೂದಲೆಳೆಯಷ್ಟು ಅಂತರ.

ಚುಕ್ಕಿ ಅಂಚನ್ನು ಮುಟ್ಟಿತು. ಒಂದು ಗಳಿಗೆ ಚಂದ್ರನ ಕತ್ತಲ ಭಾಗದಲ್ಲೇ ಯಾರೋ ದೀಪ ಹಚ್ಚಿಟ್ಟಂತೆ ಕಂಡಿತು. ಆಮೇಲೆ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಆರಿಹೋಯಿತು.

ನೋಡಿ, ನಾನು ಇದನ್ನು ನೂರು ಸಲ ಕರಿಹಲಗೆಯ ಮೇಲೆ ಬರೆದು ತೋರಿಸಿದವನು. ಚಂದ್ರ ಪೂರ್ವಕ್ಕೆ ಸರಿಯುತ್ತಾನೆ, ದಾರಿಯಲ್ಲಿ ಸಿಕ್ಕ ನಕ್ಷತ್ರವನ್ನೋ ಗ್ರಹವನ್ನೋ ಮರೆಮಾಡುತ್ತಾನೆ, ಕತ್ತಲ ಕಡೆಯಿಂದ ಒಳಗೆ ಹೋದದ್ದು ಬೆಳಕಿನ ಕಡೆಯಿಂದ ಹೊರಗೆ ಬರುತ್ತದೆ. ಸುಣ್ಣದ ಕಡ್ಡಿಯಲ್ಲಿ ಎರಡು ಗೆರೆ, ಮುಗಿಯಿತು. ಕಣ್ಣಾರೆ ನೋಡಿದ್ದು ಮಾತ್ರ ಅದೇ ಮೊದಲು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಅಷ್ಟರಲ್ಲಿ ಫೋನಿಗೆ ಬಿಡುವೇ ಇರಲಿಲ್ಲ. ಮುಧೋಳದಲ್ಲಿರುವ ನನ್ನ ಷಡ್ಡಕ, ನಮ್ಮವರು ಚಂದ್ರನ ಮೇಲೆ ಇಳಿಸಿದ ಯಂತ್ರ ದೀಪ ಹಚ್ಚಿಕೊಂಡು ಕೂತಿದೆ ಎಂದು ತೀರ್ಪು ಕೊಟ್ಟಿದ್ದ. ಲೋಕಾಪುರದ ಟೈರ್ ಅಂಗಡಿಯ ಗೆಳೆಯ, ಅದು ಡ್ರೋನ್, ಮದುವೆ ಶೂಟಿಂಗಿನವರದು ಎಂದು ಆಣೆ ಮಾಡಿ ಹೇಳುತ್ತಿದ್ದ. ಸರಿಯಾಗಿ ಹೇಳಿದವನು ಮಾಳಪ್ಪ ಒಬ್ಬನೇ. "ನಿನ್ನಿ ಚಂದ್ರಾಮ ಕೆಳಗಿದ್ದ, ಚುಕ್ಕಿ ಮ್ಯಾಲಿತ್ತು. ಇವತ್ತ ಅಂವ ಅದರ ಮಟ್ಟಕ ಏರಿ ಬಂದ. ಹಿಂದ ಸಿಕ್ಕೊಂಡಿರಬೇಕ್ರಿ." ಇವನನ್ನು ಒಂಬತ್ತನೆಯ ಇಯತ್ತೆಯಲ್ಲಿ ವಿಜ್ಞಾನದಲ್ಲಿ ನಾಪಾಸು ಮಾಡಿದವನು ನಾನೇ.

ಚುಕ್ಕಿ ಹೊರಗೆ ಬರುವ ತನಕ ಮಾಡಲು ಕೆಲಸವಿರಲಿಲ್ಲ. ಗಡಿಯಾರ ನೋಡಿಕೊಂಡು ಕಟ್ಟೆಗೆ ಒರಗಿದೆ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಯಿತು. ಆಗ ನೆನಪಾದವಳು ನೀಲವ್ವ ಅತ್ತೆ.

ಅತ್ತೆ ನನ್ನ ಅಪ್ಪನ ತಂಗಿ. ರಬಕವಿಯಲ್ಲಿ ಗಂಡನ ಮನೆ; ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ. ಗಂಡ ತೀರಿಕೊಂಡ ಮೇಲೆ ಮಗ್ಗವನ್ನು ಅಲ್ಲೇ ಬಿಟ್ಟು, ಮಗ ಈರಣ್ಣನನ್ನು ಕಟ್ಟಿಕೊಂಡು ಬನಹಟ್ಟಿಯ ನಮ್ಮ ಮನೆಗೆ ಬಂದಳು. ಆಗ ಅಪ್ಪ ಕೈಮಗ್ಗ ತೆಗೆಸಿ ಕರೆಂಟಿನ ಮಗ್ಗ ಹಾಕಿಸಿದ್ದ. ಆ ಸಪ್ಪಳದಲ್ಲಿ ಅತ್ತೆ ಅಡ್ಡನೂಲು ಹಾಯಿಸುವ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದಳು. ನಮ್ಮ ಮನೆಯಲ್ಲಿ ಯಾವ ಮಾತೂ ಮೆಲ್ಲಗೆ ಆಡಿದ್ದಲ್ಲ. ಮಗ್ಗದ ಸದ್ದನ್ನು ಮೀರಿ ಕೂಗಿ ಕೂಗಿ ನಮ್ಮೆಲ್ಲರ ಗಂಟಲೂ ಅಷ್ಟೇ ಗಟ್ಟಿ. ನನ್ನ ಮದುವೆಯಲ್ಲಿ ಬೀಗರು ನಾವು ಜಗಳಾಡುತ್ತಿದ್ದೇವೆಂದು ತಿಳಿದು ಬಿಡಿಸಲು ಬಂದಿದ್ದರು.

ಆ ಅತ್ತೆ ಒಂದು ಮಾತು ಹೇಳುತ್ತಿದ್ದಳು. ರಬಕವಿಯಲ್ಲಿದ್ದಾಗ ಒಂದು ಸಂಜೆ ಚಂದ್ರನ ಕರೇ ಭಾಗದಲ್ಲಿ ದೀಪ ಕಂಡೆ, ಅದು ಆರಿತು, ಆಮೇಲೆ ಕೆಳಗಿನ ಬೆಳಕಿನ ಮಗ್ಗುಲಿಂದ ಹೊರಬಂತು ಅಂತ. ಕೇಳಿದವರು ನಕ್ಕರು. ಗಂಡನನ್ನು ಕಳಕೊಂಡ ದುಃಖಕ್ಕೆ ತಲೆ ಹೀಗಾಗಿದೆ ಎಂದು ಓಣಿಯ ಹೆಂಗಸರು ಕನಿಕರ ಪಟ್ಟರು. ನಗುವುದಾದರೂ ಬೇಕು, ಆ ಕನಿಕರ ಬೇಡ. ಅಪ್ಪನೂ ಅವಳ ಯಾವ ಮಾತಿಗೂ ಹೂಂ ಅನ್ನುವ ಮೊದಲು ಇನ್ನೊಬ್ಬರ ಮುಖ ನೋಡತೊಡಗಿದ. ತವರಿಗೆ ಬಂದು ನಿಂತ ಹೆಣ್ಣಿಗೆ ತನ್ನ ಮಾತು ಬಿಟ್ಟರೆ ಬೇರೆ ಏನಿರುತ್ತದೆ ಹೇಳಿ.

ನಾನು ಆಗ ಬಿಎಸ್ಸಿ ಓದುತ್ತಿದ್ದೆ. ಮನೆತನದಲ್ಲೇ ಕಾಲೇಜು ಕಂಡ ಮೊದಲನೆಯವನು, ನಡೆಯುವಾಗ ನೆಲ ಮುಟ್ಟುತ್ತಿರಲಿಲ್ಲ. ಒಂದು ದಿನ ಮಗ್ಗದ ಮನೆಯಲ್ಲಿ, ಕರೆಂಟು ಹೋಗಿ ಎಲ್ಲರೂ ಸುಮ್ಮನೆ ಕೂತ ಹೊತ್ತಿನಲ್ಲಿ, ಅತ್ತೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಸಾಲಿ ಕಲ್ತಾಂವ. ಇವರ್ಯಾರೂ ಬ್ಯಾಡ. ಹಿಂಗ ಆಕ್ಕೈತೋ ಇಲ್ಲೋ, ನೀ ಹೇಳು. ನೀ ಇಲ್ಲಂದ್ರ ನಾ ಮತ್ತ ಬಾಯಿ ಬಿಡೂದಿಲ್ಲ."

ನಾನು ನ್ಯಾಯಾಧೀಶನ ಗತ್ತಿನಲ್ಲಿ ಕೇಳಿದೆ: ದೀಪ ಆರಿದ್ದಕ್ಕೂ ಮತ್ತೆ ಬಂದದ್ದಕ್ಕೂ ನಡುವೆ ಎಷ್ಟು ಹೊತ್ತು? ಗಡಿಯಾರ ಅವಳ ಮನೆಯಲ್ಲಿ ಎಲ್ಲಿ ಬರಬೇಕು. ಅವಳ ಅಳತೆ ಬೇರೆ ಇತ್ತು. ದೀಪದ ಬೆಳಕಿನಲ್ಲಿ ನೇಯ್ದದ್ದರಲ್ಲಿ ತಪ್ಪಿದ್ದರೆ ಮರುದಿನ ಬಿಸಿಲಿನಲ್ಲಿ ತಿದ್ದಬೇಕೆಂದು, ದೀಪ ಹಚ್ಚಿದ ಕೂಡಲೇ ಸೀರೆಯ ದಡಿಗೆ ಒಂದು ಕೆಂಪು ದಾರ ಕಟ್ಟಿ ಗುರುತಿಟ್ಟುಕೊಳ್ಳುವುದು ಅವಳ ರೂಢಿ. "ಕಿಡಕ್ಯಾಗಿಂದ ಕಾಣತಿತ್ತು. ಕೈಯಾಗ ಲಾಳಿ ಹಿಡಕೊಂಡು ನೋಡಿದೆ. ದಾರ ಕಟ್ಟೂದಕ್ಕೂ ಚುಕ್ಕಿ ಆರೂದಕ್ಕೂ ಸರಿ ಆತು. ಮತ್ತ ಹೊರಗ ಬಂದಾಗ ದಾರದಿಂದ ಅಳದ ನೋಡಿದೆ. ಒಂದ ಗೇಣ ಅರಿವಿ ಆಗಿತ್ತು."

ಒಂದು ಗೇಣು. ಸುತ್ತಲಿದ್ದ ನಮ್ಮ ಮಗ್ಗಗಳನ್ನು ನೋಡಿ ಲೆಕ್ಕ ಹಾಕಿದೆ. ಒಂದು ಗೇಣು ಬಟ್ಟೆಗೆ ನಾಲ್ಕೈದು ನಿಮಿಷ. ಚಂದ್ರ ತನ್ನ ಅಗಲದಷ್ಟು ಸರಿಯಲು ಹೆಚ್ಚುಕಡಿಮೆ ಒಂದು ತಾಸು ಬೇಕು, ಪುಸ್ತಕದಲ್ಲಿತ್ತು. "ಇಲ್ಲ ಅತ್ತಿ, ಆಗೂದಿಲ್ಲ. ನೀ ಕಂಡದ್ದು ವಿಮಾನ" ಎಂದು ಎಲ್ಲರೆದುರು ಸಾರಿದೆ. ಎಲ್ಲರೂ ಮತ್ತೊಮ್ಮೆ ನಕ್ಕರು. ಕರೆಂಟು ಬಂತು, ಅತ್ತೆ ಕಂಡಿಕೆ ಸುತ್ತತೊಡಗಿದಳು. ಹೇಳಿದಂತೆಯೇ ನಡೆದುಕೊಂಡಳು, ಆ ವಿಷಯಕ್ಕೆ ಮತ್ತೆ ಬಾಯಿ ಬಿಡಲಿಲ್ಲ. ನನಗೆ ಊಟ ಬಡಿಸಿದಳು, ಹಬ್ಬಕ್ಕೆ ಕರೆದಳು, ನನ್ನ ಮಕ್ಕಳನ್ನು ಎತ್ತಿ ಆಡಿಸಿದಳು. ಆದರೆ ತಾನು ಕಂಡ ಏನನ್ನೂ ನನ್ನ ಮುಂದೆ ಎಂದೂ ಹೇಳಲಿಲ್ಲ. ಹೊಲದಲ್ಲಿ ಕಂಡ ಹಾವಿನ ಸುದ್ದಿಯನ್ನೂ ಸಹ.

ಫೋನಿನಲ್ಲಿ ಮಾಳಪ್ಪ ಕೂಗಿದ: "ಸರ, ಹೊರಗ ಬಂತ್ರಿ, ಕೆಳಗಿನ ಮಗ್ಗಲಕ." ನಾನೂ ನೋಡುತ್ತಿದ್ದೆ. ಬೆಳಗುವ ಅಂಚಿನಿಂದ ಚುಕ್ಕಿ ಹನಿಯಂತೆ ಹೊರಬಂದು ಬೇರೆಯಾಯಿತು. ಗಡಿಯಾರ ನೋಡಿದೆ. ಒಂದು ತಾಸಿಗೆ ತುಸು ಕಡಿಮೆ.

ಆಗ ಅತ್ತೆಯ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಕೈಯಾಗ ಲಾಳಿ ಹಿಡಕೊಂಡು, ಅಂದಿದ್ದಳು. ಕರೆಂಟಿನ ಮಗ್ಗದಲ್ಲಿ ಲಾಳಿಯನ್ನು ಯಾರು ಕೈಯಲ್ಲಿ ಹಿಡಿಯುತ್ತಾರೆ? ಅದು ಕುಣಿಮಗ್ಗ. ದಡಿಗೆ ಬೇರೆ ಲಾಳಿ, ಒಡಲಿಗೆ ಬೇರೆ ಲಾಳಿ ಎಸೆದು ಎಸೆದು ನೇಯುವ ಸೀರೆ. ಅದರಲ್ಲಿ ಒಂದು ಗೇಣಿಗೆ ಬರೋಬ್ಬರಿ ಒಂದು ತಾಸು ಹಿಡಿಯುತ್ತದೆ. ನೇಕಾರನ ಮಗ ನಾನು, ಅತ್ತೆಯ ಗೇಣನ್ನು ಅಪ್ಪನ ಮಗ್ಗದಿಂದ ಅಳೆದಿದ್ದೆ. ಚಂದ್ರನ ಲೆಕ್ಕ ಸರಿಯಿತ್ತು, ಅವಳ ಅಳತೆಯೂ ಸರಿಯಿತ್ತು, ನಡುವೆ ಇದ್ದ ನಾನೊಬ್ಬನೇ ತಪ್ಪು. ಮಾಳಿಗೆಯಿಂದ ಇಳಿದು ಬಂದು ಹೆಂಡತಿಗೆ ಗೇಣು, ತಾಸು, ಮಗ್ಗ ಎಂದು ಏನೇನೋ ಬಡಬಡಿಸಿದೆ. ಅವಳು ನನ್ನ ಮುಖ ನೋಡಿ, ಶುಗರ್ ಇಳಿದಿದೆಯೆಂದು ಬೆಲ್ಲ ತಂದುಕೊಟ್ಟಳು.

ಬೆಳಗಿನ ಮೊದಲ ಬಸ್ಸಿಗೇ ಬನಹಟ್ಟಿಗೆ ಹೋದೆ. ಅತ್ತೆಗೆ ಈಗ ಎಂಬತ್ತು ದಾಟಿದೆ, ಕಣ್ಣು ಚುರುಕಾಗಿವೆ. ಮಗ್ಗದ ಮನೆಯನ್ನು ಈಗ ಈರಣ್ಣ ನಡೆಸುತ್ತಾನೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ನೇಯ್ದ ಸೀರೆಗಳನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದು ಅತ್ತೆಯ ಪಾಲಿನ ಕೆಲಸ. ನಾನು ಅವಳ ಕಾಲ ಬಳಿ ಕೂತು ಕೇಳಿದೆ: "ಅತ್ತಿ, ಚಂದ್ರಾಮನ ದೀಪ ಕಂಡ ದಿನ ಗೇಣ ಅರಿವಿ ಅಂದಿದ್ದೆಲ್ಲ, ಯಾವ ಮಗ್ಗದಾಗ?"

ಅವಳು ಸೀರೆ ಕೆಳಗಿಟ್ಟಳು. "ನನ್ನ ಕುಣಿಮಗ್ಗದಾಗ. ಮತ್ತ್ಯಾವುದು ಇತ್ತು ನನ್ನ ಹಂತ್ಯಾಕ? ಅವತ್ತ ಕೇಳಿದ್ದರ ಅವತ್ತ ಹೇಳತಿದ್ದೆ."

ನಾನು ಎಲ್ಲ ಹೇಳಿದೆ. ಶುಕ್ರ, ಒಂದು ತಾಸು, ಕತ್ತಲ ಅಂಚು, ನನ್ನ ದಡ್ಡ ಲೆಕ್ಕ. ನೀನು ಕಂಡದ್ದು ಖರೆ ಅಂದೆ. ತಪ್ಪಾಯಿತು ಅಂದೆ. ನನ್ನ ಕಣ್ಣಲ್ಲಿ ನೀರು ಬಂತು. ಅವಳ ಕಣ್ಣಲ್ಲಿ ಬರಲಿಲ್ಲ.

"ಖರೆ ಅನ್ನೂದು ನನಗ ಗೊತ್ತೈತಿ ತಮ್ಮಾ," ಅಂದಳು. "ನನಗ್ಯಾಕ ಹೇಳ್ತೀ? ಸುಳ್ಳು ಅಂತ ಮಂದಿ ಮುಂದ ಹೇಳಿದಿ."

ಆಮೇಲೆ ಒಳಗೆ ತಿರುಗಿ ಮಗ್ಗಗಳ ಸದ್ದನ್ನೆಲ್ಲ ಮೀರಿ ಕೂಗಿದಳು: "ಈರಣ್ಣಾ, ಮಗ್ಗ ನಿಂದರಸು. ಎಲ್ಲಾ ನಿಂದರಸು."

ಈರಣ್ಣ ಗಾಬರಿಯಾಗಿ ಸ್ವಿಚ್ಚು ಆರಿಸಿದ. ಒಂದೊಂದಾಗಿ ಮಗ್ಗಗಳು ನಿಂತವು. ನೇಯುವವರು ಕಿವಿಯ ಹತ್ತಿ ತೆಗೆದು ಬಾಗಿಲ ಬಳಿ ಬಂದರು. ಅಂದು ನಕ್ಕವರಲ್ಲಿ ಹೆಚ್ಚಿನವರು ಈಗಿಲ್ಲ. ಮೂಲೆಯಲ್ಲಿ ಕಂಡಿಕೆ ಸುತ್ತುವ ಇಬ್ಬರು ಮುದುಕಿಯರು ಮಾತ್ರ ಅಂದೂ ಇದ್ದವರು. ನಾನು ಎದ್ದು ನಿಂತು, ಅವರಿಬ್ಬರ ಮುಖ ನೋಡಿಯೇ ಹೇಳಿದೆ: "ಅವತ್ತ ನೀಲವ್ವ ಅತ್ತಿ ಹೇಳಿದ್ದು ಖರೆ ಇತ್ತು. ತಪ್ಪ ಹೇಳಿದಾಂವ ನಾನು." ಮುದುಕಿಯರಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದಳು.

ವಯಸ್ಸಿನಲ್ಲಿ ಚಿಕ್ಕವನಾದ ಒಬ್ಬ ನೇಕಾರ ಕೇಳಿದ: "ಏನ ಕಂಡಿದ್ದರ್ರಿ ಆಯಿ?"

ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು. ಅತ್ತೆ ಕೈ ಎತ್ತಿ ತಡೆದಳು. "ನೀ ಕುಂದರು," ಅಂದಳು. ನಾನು ನೇಯುವವರ ನಡುವೆ ನೆಲದ ಮೇಲೆ ಕೂತೆ. ಅತ್ತೆ ಕುರ್ಚಿಯನ್ನು ಒಂದಿಷ್ಟು ಒಳಗೆ ಸರಿಸಿಕೊಂಡು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಮೊದಲಿನಿಂದ ಹೇಳತೊಡಗಿದಳು.